ವಾಹನ ವೇಗದ ಅಳತೆ ಮತ್ತು ಸಾಗಾಟದ ಸಮಯ: ಮಲೆನಾಡಿನ ವರ್ತಕರು ತಿಳಿದಿರಬೇಕಾದ ಲೆಕ್ಕ

ಕಾಫಿ ಕೊಯ್ಲಿನ ಕಾಲ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ರಸ್ತೆಗಳ ಮೇಲೆ ಸರಕು ಸಾಗಾಟದ ಒತ್ತಡ ಹೆಚ್ಚುತ್ತದೆ. ಮೊದಲು ಅರೇಬಿಕಾ, ಅದರ ಬೆನ್ನಿಗೆ ರೋಬಸ್ಟಾ, ಜೊತೆಯಲ್ಲಿ ಕಾಳುಮೆಣಸು, ಅಡಿಕೆ, ಏಲಕ್ಕಿ. ಎಸ್ಟೇಟಿನಿಂದ ಮಂಡಿಗೆ, ಮಂಡಿಯಿಂದ ಕ್ಯೂರಿಂಗ್ ಕಾರ್ಖಾನೆಗೆ, ಅಲ್ಲಿಂದ ಮಂಗಳೂರಿನ ಬಂದರಿಗೆ ಚೀಲಗಳು ಸಾಗುತ್ತವೆ. ಈ ಸಾಗಾಟದಲ್ಲಿ ಬಾಡಿಗೆ, ಹಮಾಲಿ, ವಿಮೆ, ತೂಕದ ಕೊರತೆ ಮುಂತಾದ ಎಲ್ಲವನ್ನೂ ಪೈಸೆ ಲೆಕ್ಕದಲ್ಲಿ ನೋಡುವ ವರ್ತಕರು ಒಂದು ಸಂಗತಿಯನ್ನು ಮಾತ್ರ ಅಂದಾಜಿಗೆ ಬಿಟ್ಟುಬಿಡುತ್ತಾರೆ. ಅದು ಪ್ರಯಾಣದ ಸಮಯ. "ಮಧ್ಯಾಹ್ನ ಎರಡು ಗಂಟೆಯೊಳಗೆ ಲೋಡು ತಲುಪಬೇಕು" ಎಂದು ಚಾಲಕನಿಗೆ ಹೇಳುವಾಗ ಆ ಎರಡು ಗಂಟೆ ಯಾವ ಲೆಕ್ಕದಿಂದ ಬಂದುದು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ.

ಈ ಮಾತು ಕೇವಲ ಶಿಸ್ತಿನ ವಿಷಯವಲ್ಲ. ವೇಗದ ಮಿತಿಯನ್ನು ಮೀರದೆ ಪಾಲಿಸಲಾಗದ ಸಮಯವನ್ನು ನಿಗದಿಮಾಡಿದ ಮಾಲೀಕನನ್ನೇ ತಪ್ಪಿತಸ್ಥನೆಂದು ಮೇಲ್ನೋಟಕ್ಕೆ ಪರಿಗಣಿಸಲು ಮೋಟಾರು ವಾಹನ ಕಾಯ್ದೆ ಅವಕಾಶ ಕೊಟ್ಟಿದೆ. ಆದ್ದರಿಂದ ರಸ್ತೆಯ ಮೇಲೆ ವಾಹನಗಳ ವೇಗವನ್ನು ಹೇಗೆ ಅಳೆಯುತ್ತಾರೆ, ಅಳೆದ ಅಂಕಿಗಳನ್ನು ಹೇಗೆ ಓದಬೇಕು, ಅವುಗಳಿಂದ ಸಾಗಾಟದ ಸಮಯವನ್ನು ಹೇಗೆ ನಿಗದಿಮಾಡಬೇಕು ಎಂಬುದನ್ನು ಪ್ರತಿಯೊಬ್ಬ ವರ್ತಕ ಹಾಗೂ ಸಣ್ಣ ಉದ್ದಿಮೆದಾರ ತಿಳಿದಿರುವುದು ಒಳಿತು. ಇದಕ್ಕೆ ಬೇಕಾದ ಗಣಿತ ವಾಣಿಜ್ಯ ಪದವಿಯ ಸಂಖ್ಯಾಶಾಸ್ತ್ರದ ಪಾಠಕ್ಕಿಂತ ಹೆಚ್ಚಿನದಲ್ಲ.

ಸ್ಥಳವೇಗ ಎಂದರೇನು?

ಒಂದು ವಾಹನವು ರಸ್ತೆಯ ಒಂದು ನಿರ್ದಿಷ್ಟ ಜಾಗವನ್ನು ದಾಟುವ ಕ್ಷಣದಲ್ಲಿ ಹೊಂದಿರುವ ವೇಗಕ್ಕೆ ಸ್ಥಳವೇಗವೆಂದು ಹೆಸರು. ಹೊರಟ ಊರಿನಿಂದ ತಲುಪುವ ಊರಿನವರೆಗಿನ ದೂರವನ್ನು, ತಗುಲಿದ ಒಟ್ಟು ಸಮಯದಿಂದ ಭಾಗಿಸಿದರೆ ದೊರೆಯುವುದು ಪ್ರಯಾಣವೇಗ. ಇವೆರಡೂ ಬೇರೆ ಬೇರೆ. ಪ್ರಯಾಣವೇಗ ಗಂಟೆಗೆ 25 ಕಿಲೋಮೀಟರ್ ಇರುವ ಲಾರಿಯೊಂದು ನಡುವಿನ ನೇರ ರಸ್ತೆಯಲ್ಲಿ 60ರ ವೇಗದಲ್ಲಿ ಓಡಿರಬಹುದು. ಅಪಘಾತದ ಸಂಭವವನ್ನು ತಿಳಿಸುವುದು ಸ್ಥಳವೇಗ. ಸಾಗಾಟದ ಖರ್ಚನ್ನು ತಿಳಿಸುವುದು ಪ್ರಯಾಣವೇಗ. ವರ್ತಕರಿಗೆ ಎರಡೂ ಬೇಕು.

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಬರುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 173ರ ಭಾಗ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಕರಾವಳಿಗೆ ಹೋಗುವುದು ಹಿಂದೆ 234 ಎಂಬ ಸಂಖ್ಯೆಯಿದ್ದ, ಈಗಿನ ಹೆದ್ದಾರಿ 73. ಕಳಸದ ಕಡೆಯ ರಸ್ತೆಗಳು ಇನ್ನೂ ಕಿರಿದು, ತೋಟಗಳ ನಡುವೆ ಹಾದುಹೋಗುವಂಥವು. ಇಂಥ ದಾರಿಗಳಲ್ಲಿ ಒಂದೇ ಟ್ರಿಪ್ಪಿನೊಳಗೆ ಸ್ಥಳವೇಗವು ಎರಡು ಮೂರು ಪಟ್ಟು ಏರಿಳಿಯುತ್ತದೆ. ಬಯಲುಸೀಮೆಯ ರಸ್ತೆಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಅಳೆಯುವ ವಿಧಾನಗಳು

ಅತ್ಯಂತ ಸರಳ ವಿಧಾನಕ್ಕೆ ಅಳತೆ ಟೇಪು, ಸುಣ್ಣ ಮತ್ತು ಸ್ಟಾಪ್‌ವಾಚ್ ಸಾಕು. ರಸ್ತೆಯ ಅಂಚಿನಲ್ಲಿ 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಬೇಕು. ಮೊದಲ ಗುರುತನ್ನು ವಾಹನದ ಮುಂದಿನ ಚಕ್ರ ದಾಟಿದಾಗ ಒಬ್ಬನು ಕೈಯೆತ್ತಿ ಸೂಚಿಸುತ್ತಾನೆ. ಎರಡನೆಯ ಗುರುತಿನ ಬಳಿಯಿರುವವನು ಗಡಿಯಾರ ಚಾಲೂ ಮಾಡಿ, ಅದೇ ಚಕ್ರ ತನ್ನೆದುರು ಬಂದಾಗ ನಿಲ್ಲಿಸುತ್ತಾನೆ. ಮೂರನೆಯವನು ವಾಹನದ ಬಗೆ ಮತ್ತು ಸೆಕೆಂಡುಗಳನ್ನು ಬರೆದುಕೊಳ್ಳುತ್ತಾನೆ. 180ನ್ನು ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗ ನೇರವಾಗಿ ದೊರೆಯುತ್ತದೆ. ವಾಹನವು 4.5 ಸೆಕೆಂಡಿನಲ್ಲಿ ದಾಟಿದರೆ ವೇಗ 40.

ಕೈಗಡಿಯಾರದ ವಿಧಾನದಲ್ಲಿ 0.2 ಸೆಕೆಂಡಿನಷ್ಟು ತಪ್ಪು ಸಹಜ. 50 ಮೀಟರ್ ಅಂತರದಲ್ಲಿ 4.5ರ ಬದಲು 4.3 ಸೆಕೆಂಡು ಬರೆದುಕೊಂಡರೆ 40ರ ವೇಗವು 41.9 ಎಂದು ಕಾಣುತ್ತದೆ. ಅಂತರವನ್ನು 30 ಮೀಟರಿಗೆ ಇಳಿಸಿದರೆ ಅಷ್ಟೇ ತಪ್ಪಿಗೆ ವೇಗ 43.2 ಎಂದಾಗುತ್ತದೆ. ಅಂತರ ಕಡಿಮೆಯಾದಷ್ಟೂ ತಪ್ಪಿನ ಪ್ರಮಾಣ ಹೆಚ್ಚುತ್ತದೆ. ಹಾಗೆಂದು ಅಂತರವನ್ನು ತೀರ ಹೆಚ್ಚಿಸಿದರೆ ವಾಹನವು ಅದರೊಳಗೇ ವೇಗ ಬದಲಿಸಿಬಿಡುತ್ತದೆ. ದೂರದ ಗುರುತನ್ನು ಕಣ್ಣಳತೆಯಿಂದ ನೋಡುವ ತಪ್ಪನ್ನು ತಪ್ಪಿಸಲು ಹಿಂದೆ ಎನೋಸ್ಕೋಪ್ ಎಂಬ, ಕನ್ನಡಿ ಅಳವಡಿಸಿದ ಎಲ್ ಆಕಾರದ ಪೆಟ್ಟಿಗೆಯನ್ನು ಬಳಸುತ್ತಿದ್ದರು. ಇಂದು ಮೊಬೈಲ್ ಫೋನಿನ ವಿಡಿಯೊ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಸೆಕೆಂಡಿಗೆ 30 ಚಿತ್ರಗಳಂತೆ ಚಿತ್ರೀಕರಿಸಿ, ಎರಡು ಗುರುತುಗಳ ನಡುವೆ 135 ಚಿತ್ರಗಳು ಸರಿದಿದ್ದರೆ ಸಮಯ 4.5 ಸೆಕೆಂಡು. ಅನುಮಾನ ಬಂದಾಗ ಮತ್ತೆ ಮತ್ತೆ ನೋಡಬಹುದು ಎಂಬುದು ಇದರ ಮುಖ್ಯ ಅನುಕೂಲ.

ಪೊಲೀಸರು ಬಳಸುವ ರೇಡಾರ್ ಗನ್ ಡಾಪ್ಲರ್ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಹತ್ತಿರ ಬರುವ ಲಾರಿಯ ಹಾರ್ನಿನ ಸ್ವರ ಏರಿದಂತೆಯೂ ದಾಟಿಹೋದ ಮೇಲೆ ಇಳಿದಂತೆಯೂ ಕೇಳಿಸುವುದು ಎಲ್ಲರ ಅನುಭವ. ಹಾಗೆಯೇ ಯಂತ್ರವು ಕಳುಹಿಸಿದ ರೇಡಿಯೊ ಅಲೆ ಚಲಿಸುವ ವಾಹನಕ್ಕೆ ಬಡಿದು ಮರಳುವಾಗ ಅದರ ಆವರ್ತನ ಬದಲಾಗುತ್ತದೆ. ಆ ಬದಲಾವಣೆಯಿಂದ ವೇಗ ತಿಳಿಯುತ್ತದೆ. ರಸ್ತೆಗೆ ಓರೆಯಾಗಿ ನಿಂತು ಅಳೆದರೆ ಯಂತ್ರ ನಿಜಕ್ಕಿಂತ ಕಡಿಮೆ ವೇಗ ತೋರಿಸುತ್ತದೆ. 20 ಡಿಗ್ರಿ ಓರೆಯಿದ್ದರೆ 50ರ ವೇಗವು 47 ಎಂದು ಕಾಣುತ್ತದೆ. ಇದಲ್ಲದೆ ಲೇಸರ್ ಯಂತ್ರ, ರಸ್ತೆಗೆ ಅಡ್ಡಲಾಗಿ ಹಾಸುವ ಗಾಳಿಕೊಳವೆ, ಡಾಂಬರಿನಡಿ ಹೂಳುವ ತಂತಿಸುರುಳಿ, ಕ್ಯಾಮೆರಾ ಮುಂತಾದ ಸಾಧನಗಳೂ ಬಳಕೆಯಲ್ಲಿವೆ. ಸ್ವಂತ ವಾಹನಗಳಿಗೆ ಜಿ.ಪಿ.ಎಸ್. ಅಳವಡಿಸಿರುವ ವರ್ತಕರ ಬಳಿ ಈ ಅಂಕಿಗಳು ಈಗಾಗಲೇ ಇವೆ. ತೆರೆದು ನೋಡುವ ಅಭ್ಯಾಸವೊಂದು ಬೇಕು.

ಎಲ್ಲಿ, ಯಾವಾಗ, ಎಷ್ಟು?

ಚೀಲದ ಬಾಯಲ್ಲಿರುವ ಬೀಜವನ್ನಷ್ಟೇ ನೋಡಿ ಇಡೀ ಲಾಟಿನ ಔಟ್‌ಟರ್ನ್ ನಿರ್ಧರಿಸುವ ಖರೀದಿದಾರನಿಲ್ಲ. ವೇಗದ ಮಾದರಿಗೂ ಅದೇ ನ್ಯಾಯ. ಸಂತೆಯ ದಿನ, ಜಾತ್ರೆಯ ದಿನ, ಹೊರನಾಡು ಮತ್ತು ಗಿರಿಶ್ರೇಣಿಗೆ ಪ್ರವಾಸಿಗರು ನುಗ್ಗುವ ಶನಿವಾರ ಭಾನುವಾರಗಳ ಅಂಕಿಗಳನ್ನು ಸಾಮಾನ್ಯ ದಿನದ ಅಂಕಿಗಳೊಂದಿಗೆ ಬೆರೆಸಬಾರದು. ಮಳೆಗಾಲದ ಅಳತೆ ಬೇರೆ, ಬೇಸಿಗೆಯದು ಬೇರೆ. ನಿಧಾನವಾಗಿ ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡ ಕಾರಿನ ವೇಗ ಆ ಕಾರಿನ ಆಯ್ಕೆಯಲ್ಲ. ಆದುದರಿಂದ ಎದುರು ದಾರಿ ತೆರವಿರುವ ವಾಹನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಅಳೆಯುವವರು ಚಾಲಕರ ಕಣ್ಣಿಗೆ ಬೀಳಬಾರದು, ಬಿದ್ದರೆ ವೇಗ ತಾನಾಗಿ ತಗ್ಗುತ್ತದೆ. ಅವರು ರಸ್ತೆಯ ಅಂಚಿನಿಂದ ಸಾಕಷ್ಟು ಹೊರಗೆ ನಿಲ್ಲಬೇಕು ಮತ್ತು ಸ್ಥಳೀಯ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿರಬೇಕು.

ಒಂದು ಜಾಗದಲ್ಲಿ ಸಾಮಾನ್ಯವಾಗಿ 100 ವಾಹನಗಳ ಅಳತೆ ಸಾಕಾಗುತ್ತದೆ. ಲಾರಿ, ಪಿಕಪ್, ಬಸ್, ಜೀಪು, ಕಾರು, ದ್ವಿಚಕ್ರಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳುವುದು ಅತ್ಯಗತ್ಯ. ಅರೇಬಿಕಾ ಪಾರ್ಚ್‌ಮೆಂಟ್ ಮತ್ತು ರೋಬಸ್ಟಾ ಚೆರ್ರಿಯ ದರಗಳನ್ನು ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕಿಯಿಂದ ಯಾರಿಗೂ ಉಪಯೋಗವಿಲ್ಲ. ಲಾರಿ ಮತ್ತು ಮೋಟಾರ್‌ಸೈಕಲ್‌ಗಳ ವೇಗವನ್ನು ಕೂಡಿಸಿ ತೆಗೆದ ಸರಾಸರಿಯೂ ಅಂಥದೇ.

ಅಂಕಿಗಳನ್ನು ಓದುವ ಬಗೆ

ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಘಾಟಿ ರಸ್ತೆಯ ಒಂದು ತಿರುವಿನಲ್ಲಿ ಒಂದೇ ಬಗೆಯ 100 ಸರಕು ವಾಹನಗಳನ್ನು ಅಳೆಯಲಾಗಿದೆಯೆಂದು ಭಾವಿಸೋಣ.

ವೇಗ (ಗಂಟೆಗೆ ಕಿ.ಮೀ.) — ವಾಹನಗಳು — ಸಂಚಿತ ಸಂಖ್ಯೆ
15ರಿಂದ 20 — 4 — 4
20ರಿಂದ 25 — 10 — 14
25ರಿಂದ 30 — 18 — 32
30ರಿಂದ 35 — 26 — 58
35ರಿಂದ 40 — 20 — 78
40ರಿಂದ 45 — 10 — 88
45ರಿಂದ 50 — 7 — 95
50ರಿಂದ 55 — 3 — 98
55ರಿಂದ 60 — 2 — 100

ಪ್ರತಿ ವರ್ಗದ ಮಧ್ಯಬಿಂದುವನ್ನು ವಾಹನಗಳ ಸಂಖ್ಯೆಯಿಂದ ಗುಣಿಸಿ ಕೂಡಿದರೆ 3,415. 100ರಿಂದ ಭಾಗಿಸಿದರೆ ಸರಾಸರಿ ವೇಗ 34.15. ಅರ್ಧದಷ್ಟು ವಾಹನಗಳು ಯಾವ ವೇಗದ ಕೆಳಗಿವೆಯೋ ಅದು ಮಧ್ಯಾಂಕ. ಇಲ್ಲಿ ಅದು 33.5. ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದಕ್ಕೆ 85ನೇ ಶತಾಂಶ ವೇಗವೆನ್ನುತ್ತಾರೆ. ಸಂಚಿತ ಸಂಖ್ಯೆ 78ರಿಂದ 88ಕ್ಕೆ ಏರುವ ವರ್ಗದಲ್ಲಿ ಲೆಕ್ಕ ಹಾಕಿದರೆ ಅದು 43.5. ವೇಗದ ಮಿತಿಯನ್ನು ನಿಗದಿಮಾಡುವಾಗ ಸಂಚಾರ ಎಂಜಿನಿಯರುಗಳು ಮೊದಲು ನೋಡುವ ಅಂಕಿ ಇದು. ರಸ್ತೆಯ ವಿನ್ಯಾಸಕ್ಕೆ 98ನೇ ಶತಾಂಶವನ್ನು ನೋಡುತ್ತಾರೆ. ಇಲ್ಲಿ ಅದು 55.

ಈ ಕೋಷ್ಟಕವನ್ನು ಇಬ್ಬರು ಎರಡು ರೀತಿಯಲ್ಲಿ ಓದಬಹುದು. ಅಲ್ಲಿನ ಫಲಕದಲ್ಲಿ ಮಿತಿ 30 ಎಂದಿದ್ದರೆ, "ಸರಾಸರಿ ನಾಲ್ಕು ಕಿಲೋಮೀಟರ್ ಮಾತ್ರ ಹೆಚ್ಚು, ಚಿಂತೆಯಿಲ್ಲ" ಎಂದು ಒಬ್ಬರು ಹೇಳಬಹುದು. ಅದೇ ಕೋಷ್ಟಕದಿಂದ, ನೂರರಲ್ಲಿ 68 ವಾಹನಗಳು ಮಿತಿಯನ್ನು ಮೀರಿವೆ, 12 ವಾಹನಗಳು 45ಕ್ಕಿಂತಲೂ ವೇಗವಾಗಿವೆ ಎಂದು ಇನ್ನೊಬ್ಬರು ತೋರಿಸಬಹುದು. ತಿರುವಿನಲ್ಲಿ ಮಗುಚುವುದು ಆ 12ರಲ್ಲಿ ಒಂದು; ಸರಾಸರಿಯ ವಾಹನವಲ್ಲ. ಸರಾಸರಿ ವಸೂಲಿ ಅವಧಿ 30 ದಿನವಿದ್ದರೂ ಮುಳುಗುವ ಸಾಲ ಒಂದೆರಡು ಗಿರಾಕಿಗಳದೇ ಆಗಿರುವಂತೆ, ಇಲ್ಲಿಯೂ ಅಪಾಯ ಅಡಗಿರುವುದು ಕೋಷ್ಟಕದ ತುದಿಯಲ್ಲಿ.

ಇದೇ ಅಂಕಿಗಳ ಮಾನಕ ವಿಚಲನೆ 8.7. ನೂರು ವಾಹನಗಳ ಮಾದರಿಯಾದುದರಿಂದ ಸರಾಸರಿಯಲ್ಲಿ ಎರಡೂ ಕಡೆ ಸುಮಾರು 1.7ರಷ್ಟು ವ್ಯತ್ಯಾಸ ಸಾಧ್ಯ. ಫಲಕ ಅಥವಾ ಹಂಪ್ ಹಾಕಿದ ಮೇಲೆ ಪುನಃ 100 ವಾಹನಗಳನ್ನು ಅಳೆದು ಸರಾಸರಿ 33ಕ್ಕೆ ಇಳಿದಿದೆ ಎಂದು ಯಾರಾದರೂ ಹೇಳಿಕೊಂಡರೆ ಅದನ್ನು ಸುಧಾರಣೆಯೆಂದು ನಂಬಲಾಗದು. ಎರಡು ಮಾದರಿಗಳ ನಡುವೆ ಸುಮಾರು 2.4 ಕಿಲೋಮೀಟರಿಗಿಂತ ಹೆಚ್ಚಿನ ಇಳಿಕೆಯಿದ್ದರೆ ಮಾತ್ರ ಅದನ್ನು ನಿಜವಾದ ಬದಲಾವಣೆಯೆಂದು ಪರಿಗಣಿಸಬಹುದು.

ಸರಾಸರಿಯಿಂದ ಆಗುವ ಅನಾಹುತ

ವರ್ತಕರ ಮಟ್ಟಿಗೆ ಅತ್ಯಂತ ಮುಖ್ಯವಾದ ಲೆಕ್ಕ ಮುಂದಿನದು. ಒಂದು ಟ್ರಿಪ್ಪಿನ ದೂರ 40 ಕಿಲೋಮೀಟರ್. ಅದರಲ್ಲಿ 20 ಕಿಲೋಮೀಟರ್ ಘಾಟಿ, ಅಲ್ಲಿ ಲೋಡು ಹೊತ್ತ ವಾಹನದ ವೇಗ 20. ಉಳಿದ 20 ಕಿಲೋಮೀಟರ್ ಉತ್ತಮ ರಸ್ತೆ, ಅಲ್ಲಿ ವೇಗ 40. ಮಾಲೀಕರು 20 ಮತ್ತು 40ರ ಸರಾಸರಿ 30 ಎಂದು ಹಿಡಿದು, 40 ಕಿಲೋಮೀಟರಿಗೆ 80 ನಿಮಿಷ ಸಾಕೆಂದು ಹೇಳುತ್ತಾರೆ.

ವಾಸ್ತವದಲ್ಲಿ ಘಾಟಿಗೆ 60 ನಿಮಿಷ ಬೇಕು, ಉಳಿದ ದಾರಿಗೆ 30 ನಿಮಿಷ. ಒಟ್ಟು 90 ನಿಮಿಷ. ನಿಜವಾದ ಪ್ರಯಾಣವೇಗ 30 ಅಲ್ಲ, 26.7. ದೂರ ಸಮನಾಗಿರುವಾಗ ವೇಗಗಳಿಗೆ ಹರಾತ್ಮಕ ಸರಾಸರಿಯನ್ನು ಬಳಸಬೇಕೆಂದು ಪಠ್ಯಪುಸ್ತಕ ಹೇಳುವುದು ಇದೇ ಕಾರಣಕ್ಕೆ. ಏಕೆಂದರೆ ವಾಹನವು ನಿಧಾನದ ಭಾಗದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ.

ಹತ್ತು ನಿಮಿಷದ ಈ ಕೊರತೆಯನ್ನು ಚಾಲಕ ಎಲ್ಲಿಂದ ತುಂಬಬೇಕು? ಘಾಟಿಯಲ್ಲಿ ಏರಿನ ಮೇಲೆ ಎಂಜಿನ್ನಿನ ಶಕ್ತಿ ಮೀರಿ ಓಡಿಸಲಾಗದು. ಆದುದರಿಂದ ಉಳಿದ 20 ಕಿಲೋಮೀಟರನ್ನು 30ರ ಬದಲು 20 ನಿಮಿಷದಲ್ಲಿ ಮುಗಿಸಬೇಕು. ಅಂದರೆ 40ರ ವೇಗದಲ್ಲಿ ಓಡಬೇಕಾದ ರಸ್ತೆಯಲ್ಲಿ ಉದ್ದಕ್ಕೂ 60ರಲ್ಲಿ ಓಡಬೇಕು. ಕಾಗದದ ಮೇಲೆ ಹತ್ತು ನಿಮಿಷದ ಸಣ್ಣ ತಪ್ಪು ರಸ್ತೆಯ ಮೇಲೆ ವೇಗವನ್ನು ಒಂದೂವರೆ ಪಟ್ಟು ಮಾಡುತ್ತದೆ. ಡಿಕ್ಕಿಯ ರಭಸವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ವಾಹನ ಹೊತ್ತೊಯ್ಯುವ ಚಲನಶಕ್ತಿ 2.25 ಪಟ್ಟಾಗುತ್ತದೆ. ಲೋಡು ಮಾಡುವಲ್ಲಿ, ತೂಕದ ಸೇತುವೆಯಲ್ಲಿ, ಬಿಲ್ಲು ಬರೆಯುವಲ್ಲಿ ಆದ ವಿಳಂಬವೂ ಕೂಡಿಕೊಂಡರೆ ಹೇಳಬೇಕಾದುದೇ ಇಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಪಡೆಯುವ ಚಾಲಕ ಈ ಸಮಯವನ್ನು ಪ್ರಶ್ನಿಸುವುದೂ ಇಲ್ಲ.

ರಸ್ತೆ ಎಷ್ಟು ವೇಗವನ್ನು ತಾಳಬಲ್ಲದು?

ಚಾಲಕರು ಓಡಿಸುವ ವೇಗ ಒಂದು, ರಸ್ತೆ ತಾಳುವ ವೇಗ ಇನ್ನೊಂದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳಂತೆ ಗುಡ್ಡಗಾಡಿನ ರಾಷ್ಟ್ರೀಯ ಹಾಗೂ ರಾಜ್ಯ ಹೆದ್ದಾರಿಗಳ ವಿನ್ಯಾಸ ವೇಗ ಸಾಮಾನ್ಯವಾಗಿ 50, ಕನಿಷ್ಠ 40. ತೀರ ಕಡಿದಾದ ಪ್ರದೇಶದಲ್ಲಿ 40, ಕನಿಷ್ಠ 30. ಹೇರ್‌ಪಿನ್ ತಿರುವುಗಳಿಗೆ ಕನಿಷ್ಠ ವಿನ್ಯಾಸ ವೇಗ ಕೇವಲ 20. ಸಾರಿಗೆ ವಾಹನಗಳಿಗೆ 2015ರ ಅಧಿಸೂಚನೆಯಂತೆ ಅಳವಡಿಸುವ ವೇಗ ನಿಯಂತ್ರಕವು 80 ಕಿಲೋಮೀಟರಿಗೆ ತಡೆ ಒಡ್ಡುವಂಥದು. 20ರ ತಿರುವಿನಲ್ಲಿ ಅದರಿಂದ ರಕ್ಷಣೆ ದೊರೆಯದು.

ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ವಾಹನ ನಿಲ್ಲುವವರೆಗೆ ಬೇಕಾಗುವ ದೂರ ಅದೇ ಮಾನದಂಡಗಳಲ್ಲಿ ಹೀಗಿದೆ: 20ರ ವೇಗಕ್ಕೆ 20 ಮೀಟರ್, 30ಕ್ಕೆ 30, 40ಕ್ಕೆ 45, 50ಕ್ಕೆ 60, 60ಕ್ಕೆ 80 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಇದರಿಂದ ನೆನಪಿಡಲು ಸುಲಭವಾದ ಸೂತ್ರವೊಂದು ಸಿಗುತ್ತದೆ: 30 ಕಿಲೋಮೀಟರ್‌ವರೆಗೆ, ಎದುರು ಎಷ್ಟು ಮೀಟರ್ ಕಾಣುತ್ತದೆಯೋ ಅಷ್ಟೇ ವೇಗ. ಜುಲೈ, ಆಗಸ್ಟ್‌ಗಳಲ್ಲಿ ಚಾರ್ಮಾಡಿಯ ಮಂಜಿನಲ್ಲಿ 20 ಮೀಟರ್ ಮಾತ್ರ ಕಂಡರೆ 20ಕ್ಕಿಂತ ಹೆಚ್ಚು ವೇಗ ಸಲ್ಲದು. ಕಳಸದ ಕಡೆಯ ಕಿರಿದಾದ ರಸ್ತೆಯಲ್ಲಿ ಎದುರಿನಿಂದಲೂ ವಾಹನ ಬರುವುದರಿಂದ ಇಬ್ಬರಿಗೂ ನಿಲ್ಲಲು ಜಾಗ ಬೇಕು. ಅಂದರೆ ಕಾಣುವ ದೂರ ಇಮ್ಮಡಿಯಿರಬೇಕು.

ಹಿಂದಿನ ಉದಾಹರಣೆಯ ತಿರುವಿನಲ್ಲಿ 30 ಮೀಟರ್ ಮಾತ್ರ ಕಾಣುತ್ತದೆ ಎಂದಿಟ್ಟುಕೊಂಡರೆ ರಸ್ತೆ ತಾಳುವ ವೇಗ 30. ಅಲ್ಲಿನ 85ನೇ ಶತಾಂಶ ವೇಗ 43.5. ಇವೆರಡರ ನಡುವಿನ 13.5ರ ಅಂತರವೇ ಆ ತಿರುವಿನ ಅಪಾಯದ ಅಳತೆ. ಹೆಚ್ಚಿನ ಚಾಲಕರು ವಿವೇಕಿಗಳು ಎಂಬ ನಂಬಿಕೆಯ ಮೇಲೆ ನಿಂತಿರುವ 85ನೇ ಶತಾಂಶದ ನಿಯಮವನ್ನು ಇಂಥಲ್ಲಿ ಕುರುಡಾಗಿ ಅನುಸರಿಸಬಾರದು. ಲೈನ್ ಮನೆಗಳ ಮಕ್ಕಳು ಶಾಲೆಗೆ ನಡೆದುಹೋಗುವ, ಕಾರ್ಮಿಕರು ಸಂಜೆ ಗುಂಪಾಗಿ ಮರಳುವ ರಸ್ತೆಗಳಲ್ಲಂತೂ ಅದು ಸಲ್ಲುವುದೇ ಇಲ್ಲ. ಪಾದಚಾರಿಗಳೂ ವಾಹನಗಳೂ ಬೆರೆಯುವ ಕಡೆ ಮಿತಿ 30 ಇರಬೇಕೆಂದು 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಕರೆ ನೀಡಿರುವುದನ್ನು ಇಲ್ಲಿ ಸ್ಮರಿಸಬಹುದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ವೇಗದ ಮಿತಿಗೂ 183ನೇ ಕಲಂ ಅದರ ಉಲ್ಲಂಘನೆಗೂ ಸಂಬಂಧಿಸಿವೆ. 2019ರ ತಿದ್ದುಪಡಿಯ ಬಳಿಕ ಲಘು ವಾಹನಕ್ಕೆ ರೂ. 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ ರೂ. 2,000ದಿಂದ 4,000 ದಂಡವನ್ನು ಕೇಂದ್ರ ಕಾಯ್ದೆ ಗೊತ್ತುಪಡಿಸಿದೆ. ಎರಡನೆಯ ಬಾರಿ ತಪ್ಪು ಮಾಡಿದರೆ ಚಾಲನಾ ಪರವಾನಗಿಯನ್ನು ವಶಪಡಿಸಿಕೊಳ್ಳಬಹುದು. ಗಮನಿಸಬೇಕಾದುದೆಂದರೆ, ಈ ಶಿಕ್ಷೆ ಓಡಿಸಿದವನಿಗೆ ಮಾತ್ರವಲ್ಲ. ತನ್ನ ನೌಕರನಿಂದ ಹಾಗೆ ಓಡಿಸಿದವನಿಗೂ ಅನ್ವಯಿಸುತ್ತದೆ.

ಅದೇ ಕಲಮಿನ 4ನೇ ಉಪಕಲಂ ಇನ್ನೂ ಮುಂದೆ ಹೋಗುತ್ತದೆ. ಪ್ರಯಾಣವನ್ನು ಇಂತಿಷ್ಟು ಸಮಯದಲ್ಲಿ ಮುಗಿಸಬೇಕೆಂದು ವೇಳಾಪಟ್ಟಿ ಪ್ರಕಟಿಸಿದರೆ ಅಥವಾ ನಿರ್ದೇಶನ ನೀಡಿದರೆ, ವೇಗದ ಮಿತಿಯನ್ನು ಮೀರದೆ ಅದನ್ನು ಪಾಲಿಸುವುದು ಕಾರ್ಯಸಾಧ್ಯವಲ್ಲವೆಂದು ನ್ಯಾಯಾಲಯಕ್ಕೆ ಕಂಡುಬಂದಲ್ಲಿ, ಆ ನಿರ್ದೇಶನವೇ ಅದನ್ನು ಕೊಟ್ಟವನ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹಿಂದಿನ ಉದಾಹರಣೆಯ 80 ನಿಮಿಷದ ಆದೇಶವನ್ನು ಈ ಬೆಳಕಿನಲ್ಲಿ ನೋಡಬೇಕು. ಮೊಬೈಲಿನಲ್ಲಿ ಕಳುಹಿಸಿದ ಸಂದೇಶವೂ, ಸಾಗಾಟದ ಕರಾರಿನಲ್ಲಿ ಬರೆದ ಗಡುವೂ ನಿರ್ದೇಶನವಲ್ಲವೆಂದು ವಾದಿಸುವುದು ಸುಲಭವಾಗಲಾರದು.

ಚಾಲಕರ ಪರವಾದ ರಕ್ಷಣೆಯೂ ಅಲ್ಲಿಯೇ ಇದೆ. ವಾಹನ ಮಿತಿ ಮೀರಿ ಓಡುತ್ತಿತ್ತೆಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲಷ್ಟೇ ಶಿಕ್ಷೆ ವಿಧಿಸುವಂತಿಲ್ಲ. ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದ ಆಧಾರವಿರಬೇಕು. ಆ ಸಾಧನವಾದರೂ ಸರಿಯಿರಬೇಡವೇ? ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವ ವರ್ತಕರಿಗೆ ಈ ಪ್ರಶ್ನೆ ಸಹಜ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ 167ಎ ನಿಯಮವು ವಿದ್ಯುನ್ಮಾನ ನಿಗಾ ಸಾಧನಗಳಿಗೆ ವರ್ಷಕ್ಕೊಮ್ಮೆ ನವೀಕರಿಸಬೇಕಾದ ಅನುಮೋದನಾ ಪತ್ರವನ್ನೂ, ಅಂಥ ನಿಗಾ ಇರುವ ಕಡೆ ಎಚ್ಚರಿಕೆಯ ಫಲಕವನ್ನೂ ಕಡ್ಡಾಯಗೊಳಿಸಿತು. 2025ರ ಜುಲೈ 1ರಿಂದ ರೇಡಾರ್ ವೇಗಮಾಪಕಗಳೂ ಕಾನೂನು ಮಾಪನ ನಿಯಮಗಳ ವ್ಯಾಪ್ತಿಗೆ ಬಂದು, ತಕ್ಕಡಿಯಂತೆಯೇ ಪರಿಶೀಲನೆ ಮತ್ತು ಮುದ್ರೆಗೆ ಒಳಪಟ್ಟಿವೆ.

ಅಳತೆಯಿಂದ ಏನು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ ಪೊಲೀಸರು ರೇಡಾರ್ ಗನ್ ಹಿಡಿದು ವೇಗ ಅಳೆಯತೊಡಗಿದರು. 2023ರ ಆಗಸ್ಟ್ 1ರಿಂದ ದ್ವಿಚಕ್ರ, ಆಟೊ, ಟ್ರ್ಯಾಕ್ಟರ್ ಮುಂತಾದ ನಿಧಾನಗತಿಯ ವಾಹನಗಳನ್ನು ಮುಖ್ಯ ಪಥದಿಂದ ದೂರವಿಡಲಾಯಿತು. ಬಳಿಕ ಕ್ಯಾಮೆರಾಗಳೂ ಬಂದವು.

ಲಾಭನಷ್ಟದ ತುಲನೆ

ವೇಗದಿಂದ ಉಳಿಯುವ ಹತ್ತು ನಿಮಿಷಕ್ಕೆ ಬೆಲೆ ಕಟ್ಟಿ ನೋಡಬಹುದು. ವಾಹನ ಮತ್ತು ಚಾಲಕನ ಖರ್ಚು ಗಂಟೆಗೆ ರೂ. 600 ಎಂದು ಹಿಡಿದರೆ ಹತ್ತು ನಿಮಿಷದ ಬೆಲೆ ರೂ. 100. ಲಾರಿಯೊಂದಕ್ಕೆ ಒಮ್ಮೆ ಬಿದ್ದ ಕನಿಷ್ಠ ದಂಡ ರೂ. 2,000 ಇಪ್ಪತ್ತು ಟ್ರಿಪ್ಪುಗಳ ಉಳಿತಾಯವನ್ನು ನುಂಗುತ್ತದೆ. ಕಾನೂನು ಭಂಗಕ್ಕಾಗಿ ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ಕಳೆಯಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲವಾದ್ದರಿಂದ ಅದರ ಮೇಲೆ ತೆರಿಗೆಯನ್ನೂ ಕಟ್ಟಿದಂತಾಗುತ್ತದೆ. ಚಾಲಕನ ಪ್ರಾಣ, ದಾರಿಹೋಕನ ಪ್ರಾಣ ಯಾವ ಖಾತೆಗೂ ಸೇರುವುದಿಲ್ಲ. ಅವುಗಳನ್ನು ಈ ತಕ್ಕಡಿಯಲ್ಲಿ ಇಡಲೂ ಆಗದು.

ಮನವಿಗೆ ಅಂಕಿಗಳ ಬಲ

ಗೋದಾಮಿನ ಮುಂದೆ, ಶಾಲೆಯ ಬಳಿ, ಪೇಟೆಯ ಪ್ರವೇಶದಲ್ಲಿ ವಾಹನಗಳು ವೇಗವಾಗಿ ಬರುತ್ತವೆ, ಹಂಪ್ ಹಾಕಿಸಿಕೊಡಿ ಎಂಬ ಮನವಿಗಳು ಸಾಮಾನ್ಯ. ಆದರೆ ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಹಂಪ್ ಇರಬಾರದೆಂಬುದು ಕೇಂದ್ರ ಸಾರಿಗೆ ಸಚಿವಾಲಯದ ಸಾಮಾನ್ಯ ನಿಲುವು. ಇತರ ರಸ್ತೆಗಳಲ್ಲೂ ಅದಕ್ಕೆ ಅಳತೆಯಿದೆ. ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯು 25 ಕಿಲೋಮೀಟರ್ ವೇಗದಲ್ಲಿ ದಾಟುವಂತೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡಗಿನ ಹಂಪನ್ನು ಸೂಚಿಸಿತ್ತು. ರಾತ್ರೋರಾತ್ರಿ ಮಣ್ಣು, ಜಲ್ಲಿ ಸುರಿದು ಮಾಡುವ ದಿಬ್ಬ ತಾನೇ ಅಪಘಾತಕ್ಕೆ ಕಾರಣವಾಗುತ್ತದೆ.

ಇಂಥ ಬೇಡಿಕೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೇ ಸೂಕ್ತ ವೇದಿಕೆ. "ವಾಹನಗಳು ಬಹಳ ವೇಗವಾಗಿ ಬರುತ್ತವೆ" ಎಂಬ ಒಕ್ಕಣೆಗಿಂತ, ಯಾವ ದಿನ, ಯಾವ ಹೊತ್ತಿನಲ್ಲಿ, ಎಷ್ಟು ವಾಹನಗಳನ್ನು ಅಳೆಯಲಾಯಿತು, 85ನೇ ಶತಾಂಶ ಎಷ್ಟು, ಕಾಣುವ ದೂರ ಎಷ್ಟು ಎಂಬ ಒಂದು ಪುಟದ ಕೋಷ್ಟಕಕ್ಕೆ ಹೆಚ್ಚಿನ ತೂಕವಿರುತ್ತದೆ. ಸ್ಟಾಪ್‌ವಾಚಿನ ಈ ಅಳತೆಯಿಂದ ಯಾರಿಗೂ ದಂಡ ಹಾಕಿಸಲಾಗದು. ಅಧಿಕಾರಿಗಳು ತಮ್ಮ ಯಂತ್ರದಿಂದ ಅಲ್ಲಿಯೇ ಅಳೆಯುವಂತೆ ಮಾಡಲು ಅದು ಸಾಕು.

ವರ್ತಕರು ಅನುಸರಿಸಬಹುದಾದ ಕ್ರಮಗಳು

1. ನಿತ್ಯದ ದಾರಿಯನ್ನು ಘಾಟಿ, ಪೇಟೆ, ನೇರ ರಸ್ತೆ ಎಂದು ಭಾಗಮಾಡಿ, ಪ್ರತಿ ಭಾಗದ ಸಮಯವನ್ನು ಬೇರೆ ಬೇರೆಯಾಗಿ ಲೆಕ್ಕಹಾಕಿ ಕೂಡಬೇಕು. ವೇಗಗಳ ಸರಾಸರಿ ತೆಗೆಯಬಾರದು.

2. ಲೋಡು, ತೂಕ, ಕಾಗದಪತ್ರ, ಊಟ ಮತ್ತು ವಿಶ್ರಾಂತಿಯ ಸಮಯವನ್ನು ಪ್ರತ್ಯೇಕವಾಗಿ ಸೇರಿಸಬೇಕು.

3. ಮಳೆಗಾಲಕ್ಕೆ ಬೇರೆಯೇ ಸಮಯಪಟ್ಟಿ ಇರಬೇಕು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಸಂಚಾರ ನಿಂತಾಗ ಆದಂತೆ ದಾರಿ ಬದಲಾದರೆ ಹಳೆಯ ಸಮಯ ತಾನಾಗಿ ರದ್ದಾಗಬೇಕು.

4. ಸಾಗಾಟದ ಕರಾರಿನಲ್ಲಿ ಗಡುವಿನ ಜೊತೆಗೆ, ವೇಗದ ಮಿತಿಯೊಳಗೆ ಎಂಬ ಷರತ್ತನ್ನು ಬರೆಯಬೇಕು. ಆ ಷರತ್ತಿಗೆ ಅರ್ಥವಿರುವಷ್ಟು ಸಮಯವನ್ನೂ ಕೊಡಬೇಕು. ತಡವಾದುದಕ್ಕೆ ಚಾಲಕನ ಬಾಟಾ ಕಡಿತ ಮಾಡುವ ಪದ್ಧತಿಯನ್ನು ಕೈಬಿಡಬೇಕು.

5. ಜಿ.ಪಿ.ಎಸ್. ಇರುವವರು ತಿಂಗಳಿಗೊಮ್ಮೆ ಎರಡು ಮೂರು ಅಪಾಯದ ತಿರುವುಗಳಲ್ಲಿ ತಮ್ಮ ವಾಹನಗಳ ಸ್ಥಳವೇಗವನ್ನು ತೆಗೆದು, ಸರಾಸರಿಯ ಬದಲು ಅತಿ ಹೆಚ್ಚಿನ ಅಂಕಿಗಳನ್ನು ನೋಡಬೇಕು.

6. ಸಮಯಪಟ್ಟಿಯನ್ನೂ ಅದರ ಲೆಕ್ಕವನ್ನೂ ಕಡತದಲ್ಲಿ ಇಟ್ಟುಕೊಳ್ಳಬೇಕು. ಪ್ರಶ್ನೆ ಬಂದಾಗ, ಕೊಟ್ಟ ಸಮಯ ಕಾರ್ಯಸಾಧ್ಯವಾಗಿತ್ತೆಂದು ತೋರಿಸಲು ಅದೇ ಆಧಾರ.

ಸರಕಿನ ತೂಕದಲ್ಲಿ ಒಂದು ಕಿಲೋ ವ್ಯತ್ಯಾಸವಾದರೂ ಕಾರಣ ಕೇಳುವ ವ್ಯವಹಾರದಲ್ಲಿ ಸಮಯವನ್ನು ಮಾತ್ರ ಬಾಯಿಮಾತಿಗೆ ಬಿಡುವುದು ಸರಿಯಲ್ಲ. ಈ ಕೊಯ್ಲಿನ ಮೊದಲ ಲೋಡು ಹೊರಡುವ ಮುನ್ನ ಪ್ರತಿಯೊಬ್ಬ ವರ್ತಕರೂ ತಮ್ಮ ಒಂದು ದಾರಿಯ ಸಮಯವನ್ನಾದರೂ ಭಾಗಭಾಗವಾಗಿ ಲೆಕ್ಕಹಾಕಿ ನೋಡುವುದು ಅಪೇಕ್ಷಣೀಯ.